ಮೀನಿನ ಹೂರಣದ ಫಿಲಿಪೀನ್ಸ್ ಲುಂಪಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ತೆಳ್ಳಗಿನ ಹಿಟ್ಟಿನ ಹಾಳೆಯಲ್ಲಿ ಹೂರಣವನ್ನು ಬಿಗಿಯಾಗಿ ಸುತ್ತಿ, ಹೆಚ್ಚಾಗಿ ಎಣ್ಣೆಯಲ್ಲಿ ಕರಿಯುವ ಸುರುಳಿಗೆ ಫಿಲಿಪೀನ್ಸಿನಲ್ಲಿ ಲುಂಪಿಯಾ ಎನ್ನುತ್ತಾರೆ. ಹುಟ್ಟುಹಬ್ಬವಿರಲಿ, ಊರಿನ ಸಂತರ ಹಬ್ಬವಿರಲಿ, ಲುಂಪಿಯಾ ಇಲ್ಲದ ಊಟದ ಮೇಜು ಅಲ್ಲಿ ಅಪರೂಪ. ಕೊಲ್ಲಿ ನಾಡಿನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಫಿಲಿಪೀನ್ಸಿನ ಇಲೊಯ್ಲೊ ಪ್ರಾಂತದ ಕಡೆಯ ಹಿರಿಯ ಮಹಿಳೆಯೊಬ್ಬರಿಂದ ನಾನು ಮೀನಿನ ಲುಂಪಿಯಾ ಮಾಡುವುದನ್ನು ಕಲಿತೆ. ಊರಿಗೆ ಮರಳಿದ ಮೇಲೆ ಉಡುಪಿಯ ಮನೆಯಲ್ಲಿ ಇಲ್ಲಿ ಸಿಗುವ ಮೀನುಗಳಿಂದಲೇ ಅದನ್ನು ಮಾಡುತ್ತ ಬಂದಿದ್ದೇನೆ. ನೆಂಟರು ಮತ್ತು ಗೆಳೆಯರು ಕೇಳುತ್ತ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಲುಂಪಿಯಾ ಎಂಬ ಹೆಸರು ಎಲ್ಲಿಂದ ಬಂತು? ಇದು ಚೀನೀ ಸ್ಪ್ರಿಂಗ್ ರೋಲ್ ಅಲ್ಲವೇ?

ಮೂಲ ಚೀನಾದ್ದೇ. ಆಗ್ನೇಯ ಚೀನಾದ ಫೂಜಿಯನ್ ಪ್ರಾಂತದ ಹೊಕ್ಕಿಯೆನ್ ನುಡಿಯಲ್ಲಿ ಇಂತಹ ಸುರುಳಿಗೆ ‘ಲುನ್‌ಪಿಯಾ’ ಎಂಬ ಹೆಸರಿದ್ದು, ಆ ಸೀಮೆಯಿಂದ ವ್ಯಾಪಾರಕ್ಕೆಂದು ಬಂದು ಮನಿಲಾದಲ್ಲಿ ನೆಲೆಸಿದವರೊಂದಿಗೆ ತಿಂಡಿಯೂ ಹೆಸರೂ ಫಿಲಿಪೀನ್ಸಿಗೆ ಬಂದವು. ಮನಿಲಾದ ಬಿನೊಂಡೊ ಪೇಟೆಯನ್ನು 1594ರಲ್ಲಿ ಚೀನೀ ಕ್ರೈಸ್ತರಿಗಾಗಿ ಸ್ಪೇನಿನ ಆಡಳಿತವೇ ಕಟ್ಟಿಸಿತು ಎಂಬುದನ್ನು ನೆನೆದರೆ ಈ ಒಡನಾಟ ಎಷ್ಟು ಹಳೆಯದೆಂದು ತಿಳಿಯುತ್ತದೆ. ಇದೇ ಹೊಕ್ಕಿಯೆನ್ ಜನರಿಂದ ಇಂಡೊನೇಷ್ಯಾದ ಸೆಮಾರಾಂಗ್ ನಗರಕ್ಕೂ ಲುಂಪಿಯಾ ಹೋಯಿತು.

ಆದರೆ ನೂರಾರು ವರ್ಷಗಳ ಬಳಕೆಯಲ್ಲಿ ಅದು ಸಂಪೂರ್ಣವಾಗಿ ಅಲ್ಲಿಯದೇ ಆಗಿಬಿಟ್ಟಿದೆ. ಕರಿಯದೆ ಮೃದುವಾದ ಹಾಳೆಯಲ್ಲಿ ಸುತ್ತಿ ಕೊಡುವ ಲುಂಪಿಯಾಂಗ್ ಸರಿವಾ, ತೆಂಗಿನ ಮರದ ತುದಿಯ ಎಳೆಯ ತಿರುಳನ್ನು ತುಂಬಿದ ಲುಂಪಿಯಾಂಗ್ ಉಬೋದ್, ಮೊಳಕೆ ಹೆಸರುಕಾಳು ಮತ್ತು ತರಕಾರಿಯ ಬಗೆಗಳು, ಕೊಚ್ಚಿದ ಹಂದಿಮಾಂಸ ತುಂಬಿ ಬೆರಳಿನಷ್ಟೇ ದಪ್ಪವಾಗಿ ಸುತ್ತುವ ಲುಂಪಿಯಾಂಗ್ ಶಾಂಘೈ, ಹೀಗೆ ಅದರ ಕುಟುಂಬ ದೊಡ್ಡದು. ಈ ಕೊನೆಯದಕ್ಕೆ ಶಾಂಘೈ ನಗರದ ಹೆಸರಿದ್ದರೂ ಅದು ಆ ನಗರದ ತಿಂಡಿಯಲ್ಲ. ನಾವು ಇಲ್ಲಿ ಮಾಡಲಿರುವುದು ಶಾಂಘೈ ಬಗೆಯ ತೆಳ್ಳಗಿನ ಸುರುಳಿಯೇ, ಹೂರಣ ಮಾತ್ರ ಮೀನಿನದು. ಫಿಲಿಪೀನ್ಸಿನ ತಗಲೊಗ್ ಭಾಷೆಯಲ್ಲಿ ಮೀನಿಗೆ ‘ಇಸ್ದಾ’ ಎನ್ನುವುದರಿಂದ ಇದು ಲುಂಪಿಯಾಂಗ್ ಇಸ್ದಾ. ನಡುವೆ ಕೇಳಿಸುವ ‘ಅಂಗ್’ ಎಂಬ ದನಿ ಎರಡು ಪದಗಳನ್ನು ಕೂಡಿಸುವ ಪ್ರತ್ಯಯದಿಂದ ಬಂದದ್ದು.

ಹಂದಿಮಾಂಸದ ಲುಂಪಿಯಾ ಅಷ್ಟು ಪ್ರಸಿದ್ಧವಾಗಿರುವಾಗ ಮೀನಿನದನ್ನು ಯಾರು, ಯಾವಾಗ ಮಾಡುತ್ತಾರೆ?

ಫಿಲಿಪೀನ್ಸಿನ ಬಹುಪಾಲು ಜನರು ಕ್ಯಾಥೊಲಿಕರು. ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದ ಶುಕ್ರವಾರಗಳಲ್ಲಿಯೂ ಪವಿತ್ರ ವಾರದಲ್ಲಿಯೂ ಅವರು ಮಾಂಸ ತ್ಯಜಿಸುವುದರಿಂದ ಆಗ ಮೀನಿನ ಲುಂಪಿಯಾಕ್ಕೆ ಎಲ್ಲಿಲ್ಲದ ಬೇಡಿಕೆ. ನಮ್ಮ ಮಂಗಳೂರಿನ ಕ್ರೈಸ್ತ ಮನೆಗಳಲ್ಲಿಯೂ ಅದೇ ದಿನಗಳಲ್ಲಿ ಮಾಂಸದ ಜಾಗವನ್ನು ಮೀನು ತುಂಬುತ್ತದೆ. ದಕ್ಷಿಣದ ಮಿಂದನಾವೊ ದ್ವೀಪದಲ್ಲಿ ಮುಸ್ಲಿಮರು ಹೆಚ್ಚಿರುವ ಕಡೆಗಳಲ್ಲಿ ಹಂದಿಯ ಬದಲು ಮೀನು, ಕೋಳಿ ಅಥವಾ ದನದ ಮಾಂಸದ ಹೂರಣ ವರ್ಷವಿಡೀ ಸಹಜ. ಇವೆರಡನ್ನೂ ಬಿಟ್ಟರೆ ಹಿಂದಿನ ರಾತ್ರಿಯ ಮೀನು ಉಳಿದಿದೆ ಎಂಬ ಕಾರಣಕ್ಕೆ ಮಾಡುವವರೇ ಹೆಚ್ಚು. ಸಂಜೆಯ ತಿಂಡಿಯಾಗಿ ತಿನ್ನುವಂತೆ ಅನ್ನದ ಜೊತೆಗೂ ಇದನ್ನು ಬಡಿಸುತ್ತಾರೆ.

ಯಾವ ಮೀನು ಒಳ್ಳೆಯದು?

ಅಲ್ಲಿಯ ಮನೆಗಳಲ್ಲಿ ಮೊದಲು ನೆನಪಾಗುವುದು ಬಂಗುಸ್. ಫಿಲಿಪೀನ್ಸಿನ ರಾಷ್ಟ್ರೀಯ ಮೀನು ಎಂದೇ ಜನ ಹೇಳುವ ಇದನ್ನು ಕೊಳಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಸಾಕುತ್ತಾರೆ. ಪಂಗಸಿನಾನ್ ಪ್ರಾಂತದ ದಗೂಪನ್ ನಗರವು ಇದಕ್ಕೆ ಹೆಸರುವಾಸಿಯಾಗಿದ್ದು, ಅಲ್ಲಿ ಬಂಗುಸ್‌ನ ಹೆಸರಿನಲ್ಲಿಯೇ ಹಬ್ಬ ನಡೆಯುತ್ತದೆ. ಬಡವರ ಮೀನು ಎಂದು ಹೆಸರಾದ ಗಲುಂಗ್ಗೋಂಗ್, ಸಾಕಿದ ತಿಲಾಪಿಯ, ಜನರಲ್ ಸಾಂತೋಸ್ ನಗರದ ಬಂದರಿಗೆ ಬರುವ ಟ್ಯೂನಾ ಮತ್ತು ಡಬ್ಬಿಯ ಟ್ಯೂನಾ ಸಹ ಲುಂಪಿಯಾದೊಳಗೆ ಸೇರುತ್ತವೆ. ಹೊಗೆಯಲ್ಲಿ ಹದಗೊಳಿಸಿದ ತಿನಪಾ ಮೀನನ್ನು ಎಳೆ ಬಿಡಿಸಿ ತುಂಬಿದ ಲುಂಪಿಯಾದ ಪರಿಮಳವೇ ಬೇರೆ. ಕವೀಟೆ ಪ್ರಾಂತದ ರೊಸಾರಿಯೊ ಪಟ್ಟಣ ಆ ತಿನಪಾಕ್ಕೆ ಪ್ರಸಿದ್ಧ.

ಈ ಪಟ್ಟಿಯಲ್ಲಿನ ಹಲವು ಮೀನುಗಳು ನಮಗೆ ಹೊಸವಲ್ಲ. ಬಂಗುಸ್ ಎಂದರೆ ನಮ್ಮ ಕರಾವಳಿಯ ಹಿನ್ನೀರಿನಲ್ಲಿ ಸಿಗುವ ಹೂಮೀನು. ಅಲ್ಲಿ ತನಿಗೆ ಎಂದು ಕರೆಯುವುದು ನಮ್ಮ ಅಂಜಲ್, ಅಂದರೆ ಇಸ್ವಾಣ. ಅಸೊಹೋಸ್ ಎಂದರೆ ಕಾಣೆ, ಲಾಪು-ಲಾಪು ಎಂದರೆ ಮುರು ಜಾತಿಯ ಮೀನು. ತಿಲಾಪಿಯವನ್ನು ನಮ್ಮ ಕೆರೆಯಂಚಿನ ಊರುಗಳಲ್ಲಿ ಜಿಲೇಬಿ ಮೀನು ಎನ್ನುತ್ತಾರೆ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಅಂಜಲ್. ಅದರ ಮುಳ್ಳು ದೊಡ್ಡದಾಗಿದ್ದು ಸುಲಭವಾಗಿ ಬಿಡುತ್ತದೆ, ಮಾಂಸ ಗಟ್ಟಿಯಾಗಿದ್ದು ಕೊಚ್ಚಿದಾಗ ನೀರು ಬಿಡುವುದಿಲ್ಲ. ಬೆಲೆ ಹೆಚ್ಚೆನಿಸಿದರೆ ತಿಲಾಪಿಯ ಸಾಕು, ಆದರೆ ಅದು ನೀರಿನಂಶದ ಮೀನಾದ್ದರಿಂದ ಕೊಚ್ಚುವ ಮುನ್ನ ಬಟ್ಟೆಯಲ್ಲಿ ಒತ್ತಿ ಒಣಗಿಸಿಕೊಳ್ಳಬೇಕು. ಕಾಣೆಯ ರುಚಿ ನಾಜೂಕಿನದು. ಬೆಳ್ಳುಳ್ಳಿ, ಕಾಳುಮೆಣಸಿನ ನಡುವೆ ಆ ರುಚಿ ಕಳೆದುಹೋಗುವುದರಿಂದ ಅದನ್ನು ಕಾವಲಿಯ ಮೇಲೆ ಹುರಿದು ತಿನ್ನುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಬಂಗುಸ್ ಮತ್ತು ಬಂಗುಡೆ ಒಂದೇ ಮೀನೇ?

ಅಲ್ಲ, ಹೆಸರಿನ ಹೋಲಿಕೆ ಮಾತ್ರ. ಫಿಲಿಪೀನ್ಸಿನಲ್ಲಿ ಬಂಗುಡೆಗೆ ಅಲುಮಾಹನ್ ಎನ್ನುತ್ತಾರೆ. ಅದರಿಂದಲೂ ಲುಂಪಿಯಾ ಮಾಡಬಹುದು, ಆದರೆ ಕೊಬ್ಬು ಹೆಚ್ಚಿರುವ ಮೀನಾದ್ದರಿಂದ ಮೊದಲು ಬೇಯಿಸಿ ಎಳೆ ಬಿಡಿಸುವ ಕ್ರಮವೇ ಅದಕ್ಕೆ ಒಪ್ಪುತ್ತದೆ.

ಬಂಗುಡೆ, ಟ್ಯೂನಾ ಬಳಸುವಾಗ ವಿಶೇಷ ಎಚ್ಚರಿಕೆ ಬೇಕೆನ್ನುವುದು ಏಕೆ?

ಬಂಗುಡೆ, ಕೇದರ ಎಂದು ನಾವು ಕರೆಯುವ ಟ್ಯೂನಾ, ಬೂತಾಯಿ, ಅಂಜಲ್ ಮುಂತಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚಾಗಿದ್ದು, ಮೀನನ್ನು ತಣ್ಣಗೆ ಇಡದೆ ಹೋದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಅಂತಹ ಮೀನು ತಿಂದವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ಮುಖ ಕೆಂಪೇರುವುದು, ತಲೆನೋವು, ಮೈ ತುರಿಕೆ ಕಾಣಿಸಿಕೊಳ್ಳಬಹುದು. ಒಮ್ಮೆ ಉಂಟಾದ ಹಿಸ್ಟಮಿನ್ ಎಷ್ಟೇ ಕರಿದರೂ ಬೇಯಿಸಿದರೂ ನಾಶವಾಗುವುದಿಲ್ಲ. ‘ಹೇಗೂ ಎಣ್ಣೆಯಲ್ಲಿ ಕರಿಯುತ್ತೇವಲ್ಲ’ ಎಂಬ ಧೈರ್ಯದಿಂದ ಹಳಸಲು ಮೀನನ್ನು ಹೂರಣಕ್ಕೆ ಹಾಕುವುದು ಆದ್ದರಿಂದ ದೊಡ್ಡ ತಪ್ಪು. ಮೀನನ್ನು ಮಂಜುಗಡ್ಡೆಯಲ್ಲಿಯೇ ಮನೆಗೆ ತಂದು, ಕೊಚ್ಚುವ ಗಳಿಗೆಯವರೆಗೆ ಫ್ರಿಜ್ಜಿನಲ್ಲಿಟ್ಟು, ಕೊಚ್ಚಿದ ಮೇಲೆ ಮತ್ತೆ ಫ್ರಿಜ್ಜಿಗೆ ಸೇರಿಸಬೇಕು.

ಮುಳ್ಳಿನ ಮೀನನ್ನು ಮಕ್ಕಳಿಗೆ ಕೊಡಲು ಭಯ. ಏನು ಮಾಡಬೇಕು?

ಬಂಗುಸ್‌ನಲ್ಲಿ 200ಕ್ಕೂ ಹೆಚ್ಚು ಮುಳ್ಳುಗಳಿವೆ. ಕೂದಲೆಳೆಯಂತಹ ಆ ಮುಳ್ಳುಗಳನ್ನು ಚಿಮುಟದಿಂದ ಒಂದೊಂದಾಗಿ ಕಿತ್ತು ಮಾರುವುದೇ ಅಲ್ಲಿ ಒಂದು ಕಸುಬು, ಹಾಗಾಗಿ ಮುಳ್ಳು ತೆಗೆದ ಬಂಗುಸ್ ಅಲ್ಲಿಯ ಅಂಗಡಿಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ನಮ್ಮಲ್ಲಿ ಹೂಮೀನು ಸಿಕ್ಕರೆ ಆ ಕೆಲಸವನ್ನು ನಾವೇ ಮಾಡಬೇಕಾಗುತ್ತದೆ. ಹಸಿ ಮೀನಿನಿಂದ ಮುಳ್ಳು ಕೀಳುವುದಕ್ಕಿಂತ, ಶುಂಠಿ ಮತ್ತು ಸ್ವಲ್ಪ ವಿನೆಗರ್ ಹಾಕಿ ಮೀನನ್ನು ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಮಾಂಸವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಬೆರಳ ತುದಿಯಿಂದ ಎರಡು ಸಲ ಹಿಸುಕುತ್ತ ನೋಡಿದರೆ ಒಂದು ಮುಳ್ಳೂ ಕಣ್ಣು ತಪ್ಪಿಸುವುದಿಲ್ಲ. ನನಗೆ ಕಲಿಸಿದವರು ಈ ಕೆಲಸವನ್ನು ಕಿಟಕಿಯ ಬೆಳಕಿನಲ್ಲಿಯೇ ಮಾಡಬೇಕೆಂದು ಪಟ್ಟು ಹಿಡಿಯುತ್ತಿದ್ದರು. ಚಿಕ್ಕ ಮಕ್ಕಳಿಗಾಗಿ ಮಾಡುವುದಾದರೆ ಅಂಜಲ್ ಅಥವಾ ಮುಳ್ಳು ತೆಗೆದ ತುಂಡುಗಳನ್ನೇ ಆರಿಸಿಕೊಳ್ಳಿ.

ಹೂರಣಕ್ಕೆ ಮೀನು ಹಸಿಯಾಗಿರಬೇಕೋ ಬೆಂದಿರಬೇಕೋ?

ಎರಡೂ ಕ್ರಮಗಳು ಅಲ್ಲಿ ರೂಢಿಯಲ್ಲಿವೆ, ಎರಡರ ಫಲವೂ ಬೇರೆ ಬೇರೆ. ಹಸಿ ಮೀನನ್ನು ಕೊಚ್ಚಿ ತುಂಬಿದರೆ ಕರಿದ ಮೇಲೆ ಒಳಗಿನ ಹೂರಣ ಒಂದೇ ಮುದ್ದೆಯಾಗಿ, ರಸ ಉಳಿಸಿಕೊಂಡು, ಹಲ್ಲಿಗೆ ಸಿಕ್ಕಾಗ ತುಸು ಪುಟಿಯುವಂತಿರುತ್ತದೆ. ಗಟ್ಟಿ ಮಾಂಸದ, ಮುಳ್ಳು ಕಡಿಮೆಯಿರುವ ಮೀನಿಗೆ ಇದು ಸೂಕ್ತ. ಬೇಯಿಸಿ ಎಳೆ ಬಿಡಿಸಿ, ಬೆಳ್ಳುಳ್ಳಿ ಈರುಳ್ಳಿಯ ಒಗ್ಗರಣೆಯಲ್ಲಿ ಹುರಿದು ತುಂಬಿದರೆ ಹೂರಣ ಬಿಡಿಬಿಡಿಯಾಗಿದ್ದು ರುಚಿ ಗಾಢವಾಗಿರುತ್ತದೆ. ಮುಳ್ಳಿನ ಮೀನು, ಕೊಬ್ಬಿನ ಮೀನು, ಡಬ್ಬಿಯ ಮೀನು ಮತ್ತು ಉಳಿದ ಮೀನಿಗೆ ಇದೇ ದಾರಿ. ಕರಿಯುವ ರೀತಿಯೂ ಇದರಿಂದ ಬದಲಾಗುತ್ತದೆ: ಹಸಿ ಹೂರಣ ಒಳಗೆ ಬೇಯಲು ಸಮಯ ಬೇಕು, ಬೆಂದ ಹೂರಣದ ಸುರುಳಿಯಲ್ಲಿ ಹಾಳೆ ಗರಿಯಾದರೆ ಸಾಕು.

ಅಳತೆ ತಿಳಿಸಿ.

ಹಸಿ ಹೂರಣಕ್ಕೆ: ಮುಳ್ಳು ಮತ್ತು ಚರ್ಮ ತೆಗೆದ ಮೀನು 500 ಗ್ರಾಂ, ಸಣ್ಣಗೆ ತುರಿದು ಹಿಂಡಿದ ಕ್ಯಾರೆಟ್ 1, ಸಣ್ಣಗೆ ಹೆಚ್ಚಿದ ಈರುಳ್ಳಿ 1, ಬೆಳ್ಳುಳ್ಳಿ 5 ಎಸಳು, ಒಂದು ಅಂಗುಲ ಶುಂಠಿ, ಹೆಚ್ಚಿದ ಈರುಳ್ಳಿ ಸೊಪ್ಪು ಒಂದು ಹಿಡಿ, ಮೊಟ್ಟೆ 1, ಕಾರ್ನ್‌ಫ್ಲೋರ್ 1 ದೊಡ್ಡ ಚಮಚ, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ, ಉಪ್ಪು 1 ಟೀ ಚಮಚ. ಮೀನಿನ ಸಾಸ್ (ಉಪ್ಪು ಹಾಕಿ ಹುದುಗಿಸಿದ ಮೀನಿನ ರಸ) ಬಳಸುವುದಾದರೆ ಅದು 1 ದೊಡ್ಡ ಚಮಚ, ಉಪ್ಪು ಅರ್ಧ ಟೀ ಚಮಚ. ಒಂದು ಸುರುಳಿಗೆ ಸುಮಾರು 20 ಗ್ರಾಂ ಹೂರಣದಂತೆ ಮೂವತ್ತಕ್ಕೂ ಮಿಕ್ಕಿ ಲುಂಪಿಯಾ ಆಗುತ್ತವೆ.

ಬೆಂದ ಹೂರಣಕ್ಕೆ ಮೊಟ್ಟೆ, ಕಾರ್ನ್‌ಫ್ಲೋರ್ ಅಷ್ಟಾಗಿ ಬೇಕಿಲ್ಲ. ಎಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಶುಂಠಿ ಹುರಿದು, ಕ್ಯಾರೆಟ್ ಸೇರಿಸಿ ಅದರ ನೀರು ಆರಿದ ಮೇಲೆ ಮೀನಿನ ಎಳೆಗಳನ್ನು ಹಾಕಿ, ಸೋಯಾ ಸಾಸ್ ಅಥವಾ ಮೀನಿನ ಸಾಸ್, ಕಾಳುಮೆಣಸು ಸೇರಿಸಿ ಬಾಣಲೆಯ ತಳ ಒಣಗಿ ಕಾಣುವವರೆಗೆ ಕೈಯಾಡಿಸಬೇಕು. ಆಮೇಲೆ ಅದು ಪೂರ್ತಿ ಆರಬೇಕು. ಬಿಸಿ ಹೂರಣದ ಹಬೆ ತಗುಲಿದ ಹಾಳೆ ಸುತ್ತುವ ಮುನ್ನವೇ ಹರಿಯುತ್ತದೆ.

ಫಿಲಿಪೀನ್ಸಿನಲ್ಲಿ ಹೂರಣ ಕುರುಕಲಾಗಿರಲೆಂದು ಸಿಂಗ್ಕಾಮಾಸ್ ಎಂಬ ಗೆಡ್ಡೆಯನ್ನೂ ಸೇರಿಸುವುದುಂಟು. ಸ್ಪೇನಿನ ಹಡಗುಗಳು ಮೆಕ್ಸಿಕೊದಿಂದ ಮನಿಲಾಕ್ಕೆ ತಂದ ಬೆಳೆಯದು. ನಾನು ಅದರ ಬದಲು ಸೀಮೆಬದನೆಯನ್ನು ಸಣ್ಣಗೆ ಹೆಚ್ಚಿ, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಗಟ್ಟಿಯಾಗಿ ಹಿಂಡಿ ಹಾಕುತ್ತೇನೆ. ಸೀಮೆಬದನೆ ಅಲ್ಲಿಯ ಅಡುಗೆಮನೆಗೂ ಚಿರಪರಿಚಿತ.

ನನ್ನ ಹೂರಣ ಕರಿದ ಮೇಲೆ ಉದುರುದುರಾಗುತ್ತದೆ. ಎಲ್ಲಿ ತಪ್ಪಾಗಿದೆ?

ಹೆಚ್ಚಾಗಿ ಉಪ್ಪು ಹಾಕುವ ಸಮಯದಲ್ಲಿ. ಮೀನಿನ ಮಾಂಸದಲ್ಲಿರುವ ಪ್ರೊಟೀನ್ ಉಪ್ಪು ತಗುಲಿದಾಗ ಕರಗಿ ಅಂಟಾಗುತ್ತದೆ, ಬಿಸಿ ತಗುಲಿದಾಗ ಆ ಅಂಟು ಗಟ್ಟಿಯಾಗಿ ಹೂರಣವನ್ನು ಒಂದಾಗಿ ಹಿಡಿದಿಡುತ್ತದೆ. ಪೂರ್ವ ಏಷ್ಯಾದ ಮೀನಿನ ಉಂಡೆಗಳು ಪುಟಿಯುವುದೂ ಇದೇ ಕಾರಣಕ್ಕೆ. ಆದ್ದರಿಂದ ಕೊಚ್ಚಿದ ತಣ್ಣನೆಯ ಮೀನಿಗೆ ಮೊದಲು ಉಪ್ಪನ್ನು ಮಾತ್ರ ಹಾಕಿ, ಗಟ್ಟಿ ಚಮಚದಿಂದ ಒಂದೇ ದಿಕ್ಕಿನಲ್ಲಿ ಮೂರು ನಾಲ್ಕು ನಿಮಿಷ ತಿರುವಿ. ಮೀನು ಬಟ್ಟಲಿನ ಬದಿಗೆ ಅಂಟಿಕೊಂಡು ಎಳೆಯೆಳೆಯಾಗಿ ಬರಲು ತೊಡಗಿದ ಮೇಲೆಯೇ ಮೊಟ್ಟೆ, ಕಾರ್ನ್‌ಫ್ಲೋರ್, ಕೊನೆಯಲ್ಲಿ ತರಕಾರಿ ಸೇರಿಸಿ. ಎಲ್ಲವನ್ನೂ ಒಟ್ಟಿಗೆ ಸುರಿದು ಕಲಸಿದರೆ ಉಪ್ಪು ತರಕಾರಿಯ ನೀರನ್ನು ಎಳೆಯುತ್ತದೆ, ಮೀನು ಅಂಟಾಗುವುದೇ ಇಲ್ಲ. ಮಿಕ್ಸಿಯಲ್ಲಿ ರುಬ್ಬುವವರು ಅದರ ಬಿಸಿಗೆ ಮೀನು ಬೆಚ್ಚಗಾಗದಂತೆ ಬಿಟ್ಟುಬಿಟ್ಟು ತಿರುಗಿಸಬೇಕು. ನಾನು ಅರ್ಧ ಭಾಗವನ್ನು ನುಣ್ಣಗೆ, ಉಳಿದರ್ಧವನ್ನು ಕತ್ತಿಯಿಂದ ದಪ್ಪಗೆ ಕೊಚ್ಚಿ ಬೆರೆಸುತ್ತೇನೆ. ಹಾಗೆ ಮಾಡಿದರೆ ಒಳಗಿರುವುದು ಮೀನು ಎಂದು ನಾಲಿಗೆಗೆ ತಿಳಿಯುತ್ತದೆ.

ನಿಂಬೆರಸವನ್ನು ಈ ಹಂತದಲ್ಲಿ ಹಾಕಬೇಡಿ. ಹುಳಿ ತಗುಲಿದ ಮೀನು ಬಿಸಿಯಿಲ್ಲದೆಯೇ ಬಿಳಿಚಿ ಗಟ್ಟಿಯಾಗುವುದರಿಂದ ಅಂಟುವ ಗುಣ ಕೆಡುತ್ತದೆ. ಫಿಲಿಪೀನ್ಸಿನವರು ಕಲಮನ್ಸಿ ಎಂಬ ಪುಟ್ಟ ಹುಳಿಹಣ್ಣನ್ನು ತಿನ್ನುವಾಗ ಹಿಂಡಿಕೊಳ್ಳುವಂತೆ ನಾವೂ ನಿಂಬೆಯನ್ನು ಬಡಿಸುವಾಗ ಇಟ್ಟರಾಯಿತು.

ಹಾಳೆ ಎಲ್ಲಿ ಸಿಗುತ್ತದೆ? ಮನೆಯಲ್ಲಿ ಮಾಡಬಹುದೇ?

ದೊಡ್ಡ ಅಂಗಡಿಗಳ ಫ್ರೀಜರ್ ವಿಭಾಗದಲ್ಲಿ ಸ್ಪ್ರಿಂಗ್ ರೋಲ್ ಶೀಟ್ ಎಂಬ ಹೆಸರಿನಲ್ಲಿ ಸಿಗುವುದೇ ಸಾಕು. ಅದನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ ನಿಧಾನವಾಗಿ ಕರಗಿಸಿ, ಒಂದೊಂದಾಗಿ ಬಿಡಿಸಿ, ಹಿಂಡಿದ ಒದ್ದೆ ಬಟ್ಟೆಯಡಿ ಮುಚ್ಚಿಡಬೇಕು. ಮೊಟ್ಟೆ ಹಾಕಿದ ದಪ್ಪ ಹಾಳೆಗಳು ಕರಿದಾಗ ಗುಳ್ಳೆಗುಳ್ಳೆಯಾಗುತ್ತವೆ, ಲುಂಪಿಯಾಕ್ಕೆ ಅವು ಬೇಡ. ಅಕ್ಕಿಯ ಪಾರದರ್ಶಕ ಹಾಳೆ ವಿಯೆಟ್ನಾಮಿನ ತಿಂಡಿಯದು, ಅದರಲ್ಲಿ ಲುಂಪಿಯಾದ ಗರಿ ಬರುವುದಿಲ್ಲ.

ಕಸುಬಿನವರು ನೀರಾದ, ಜಿಗುಟಾದ ಮೈದಾ ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ಕುಣಿಸುತ್ತ ಕಾದ ಕಾವಲಿಗೆ ಒಮ್ಮೆ ಮುಟ್ಟಿಸಿ ಎತ್ತಿಬಿಡುತ್ತಾರೆ. ಕಾವಲಿಗೆ ಅಂಟಿದ ತೆಳುಪೊರೆಯೇ ಹಾಳೆ. ಅದು ವರ್ಷಗಳ ಅಭ್ಯಾಸದ ವಿದ್ಯೆ. ಮನೆಯಲ್ಲಿ ನಾನು ಮಾಡುವುದು ಸುಲಭದ ಕ್ರಮ: 1 ಲೋಟ ಮೈದಾ, 1 ದೊಡ್ಡ ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಸುಮಾರು ಒಂದೂಕಾಲು ಲೋಟ ನೀರು ಸೇರಿಸಿ ಗಂಟಿಲ್ಲದಂತೆ ಕಲಸಿ, ಸೋಸಿ, ಅರ್ಧ ಗಂಟೆ ಬಿಡಬೇಕು. ಹಿಟ್ಟು ನೀರುದೋಸೆಯದಕ್ಕಿಂತ ಒಂದಿಷ್ಟೇ ಗಟ್ಟಿಯಿರಲಿ. ಅಂಟದ ಕಾವಲಿಯನ್ನು ಅತಿ ಸಣ್ಣ ಉರಿಯಲ್ಲಿಟ್ಟು, ಬ್ರಷ್‌ನಿಂದ ಹಿಟ್ಟನ್ನು ಎರಡು ಸಲ ತೆಳುವಾಗಿ ಬಳಿದು, ಅಂಚು ತಾನಾಗಿ ಮೇಲೆದ್ದಾಗ ಎಳೆದು ತೆಗೆಯಿರಿ. ಒಂದು ಮಗ್ಗುಲು ಬೆಂದರೆ ಸಾಕು. ಬಣ್ಣ ಬರಬಾರದು. ಹಾಳೆಗಳ ನಡುವೆ ಕಾರ್ನ್‌ಫ್ಲೋರ್ ಉದುರಿಸದಿದ್ದರೆ ಅಂಟಿಕೊಳ್ಳುತ್ತವೆ.

ಬಿಗಿಯಾಗಿ ಸುತ್ತುವುದು ಹೇಗೆ?

ಸುಮಾರು 15 ಸೆಂಟಿಮೀಟರ್ ಅಗಲದ ಚೌಕ ಹಾಳೆಯ ಒಂದು ಮೂಲೆ ನಿಮ್ಮ ಕಡೆಗಿರಲಿ. ಅದರಿಂದ ತುಸು ಮೇಲೆ ಹೂರಣವನ್ನು ಕಿರುಬೆರಳಿನ ದಪ್ಪಕ್ಕೆ ಅಡ್ಡಲಾಗಿ ಇಟ್ಟು, ಮೂಲೆಯನ್ನು ಅದರ ಮೇಲೆ ಮಡಚಿ, ಬೆರಳುಗಳಿಂದ ನಿಮ್ಮ ಕಡೆಗೆ ಎಳೆದು ಒಳಗಿನ ಗಾಳಿಯನ್ನು ಹೊರದೂಡಿ. ನಂತರ ಎರಡೂ ಪಕ್ಕಗಳನ್ನು ಒಳಕ್ಕೆ ಮಡಚಿ, ಉರುಳಿಸುತ್ತ ಹೋಗಿ, ಕೊನೆಯ ಮೂಲೆಗೆ ಮೈದಾ ಮತ್ತು ನೀರಿನ ಅಂಟನ್ನು ಸವರಿ ಮುಚ್ಚಬೇಕು. ಹಂದಿಮಾಂಸದ ಲುಂಪಿಯಾವನ್ನು ಉದ್ದಕ್ಕೆ ಸುತ್ತಿ, ಕತ್ತರಿಸಿ, ತುದಿ ತೆರೆದೇ ಕರಿಯುವ ಪದ್ಧತಿಯೂ ಇದೆ. ಮೀನಿನ ಹೂರಣ ಅದಕ್ಕಿಂತ ಮೃದುವಾದ್ದರಿಂದ ತುದಿಗಳನ್ನು ಮುಚ್ಚುವುದೇ ಕ್ಷೇಮ.

ಹೂರಣ ಹೆಚ್ಚು ತುಂಬಿದರೆ ಚೆನ್ನಾಗಿರುತ್ತದೆ ಎಂದು ನಮಗೆ ಅನ್ನಿಸುತ್ತದೆ. ಹೋಳಿಗೆಯ ವಿಷಯದಲ್ಲಿ ಅದು ನಿಜ, ಲುಂಪಿಯಾದ ವಿಷಯದಲ್ಲಿ ಅಲ್ಲ. ದಪ್ಪ ಸುರುಳಿಯ ಒಳಗು ಬೇಯುವ ಹೊತ್ತಿಗೆ ಹೊರಗು ಕರಕಾಗುತ್ತದೆ.

ಎಣ್ಣೆ ಯಾವುದು, ಕಾವು ಎಷ್ಟು?

ಫಿಲಿಪೀನ್ಸಿನಲ್ಲಿ ತೆಂಗಿನೆಣ್ಣೆಯ ಬಳಕೆ ಹೆಚ್ಚು. ನಮ್ಮ ಕರಾವಳಿಯವರಿಗೆ ಅದು ಹೇಳಿ ಮಾಡಿಸಿದಂತಿದೆ, ಆದರೆ ಗಾಣದ ಎಣ್ಣೆ ಬೇಗ ಹೊಗೆಯಾಡುವುದರಿಂದ ಕರಿಯಲು ಶುದ್ಧೀಕರಿಸಿದ್ದೇ ಒಳ್ಳೆಯದು. ಬಾಣಲೆಯಲ್ಲಿ ಎಣ್ಣೆ 4 ರಿಂದ 5 ಸೆಂಟಿಮೀಟರ್ ಆಳವಿರಲಿ. ಹಸಿ ಹೂರಣದ ಸುರುಳಿಗೆ 165 ರಿಂದ 170 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ನಾಲ್ಕೈದು ನಿಮಿಷ, ಬೆಂದ ಹೂರಣದ್ದಕ್ಕೆ 180 ಡಿಗ್ರಿಯಲ್ಲಿ ಎರಡು ಮೂರು ನಿಮಿಷ ಸಾಕು. ಥರ್ಮಾಮೀಟರ್ ಇಲ್ಲದವರು ಹಾಳೆಯ ಒಂದು ಚೂರನ್ನು ಹಾಕಿ ನೋಡಬಹುದು. ಅದು ತಳದಲ್ಲಿ ಕೂತರೆ ಎಣ್ಣೆ ಕಾದಿಲ್ಲ, ಹಾಕಿದ ಕೂಡಲೇ ಕಂದಿದರೆ ಹೆಚ್ಚು ಕಾದಿದೆ, ಗುಳ್ಳೆಗಳೊಂದಿಗೆ ಮೇಲೆ ಬಂದು ನಿಧಾನವಾಗಿ ಹೊಂಬಣ್ಣ ತಾಳಿದರೆ ಹದ. ಮೀನು ಒಳಗೆ 63 ಡಿಗ್ರಿ ಮುಟ್ಟಿದರೆ ಬೆಂದಂತೆ. ಮೊದಲ ಸುರುಳಿಯನ್ನು ಮಧ್ಯಕ್ಕೆ ಮುರಿದು, ಮಾಂಸ ಎಲ್ಲೆಡೆ ಬಿಳಿಯಾಗಿ ಹೊಳಪು ಕಳೆದುಕೊಂಡಿದೆಯೇ ಎಂದು ನೋಡಿಕೊಂಡು ಉಳಿದವನ್ನು ಕರಿಯಿರಿ.

ಕರಿಯುವಾಗ ಸುರುಳಿ ಒಡೆದು ಎಣ್ಣೆ ಸಿಡಿಯುತ್ತದೆ. ಏಕೆ?

ಹೂರಣದ ನೀರು ಹಬೆಯಾಗಿ ಹೊರಬರಲು ದಾರಿ ಹುಡುಕುತ್ತದೆ. ಹಿಂಡದ ಕ್ಯಾರೆಟ್, ಒರೆಸದ ಮೀನು, ಸುರುಳಿಯೊಳಗೆ ಉಳಿದ ಗಾಳಿ, ಸರಿಯಾಗಿ ಅಂಟದ ಮೂಲೆ, ಇವುಗಳಲ್ಲಿ ಯಾವುದೋ ಒಂದು ಕಾರಣವಾಗಿರುತ್ತದೆ. ಸುರುಳಿಗಳನ್ನು ಎಣ್ಣೆಗೆ ಬಿಡುವಾಗ ಅಂಟಿಸಿದ ಮಗ್ಗುಲು ಕೆಳಗಿರಲಿ. ಸುತ್ತಿಟ್ಟು ಬಹಳ ಹೊತ್ತು ಬಿಟ್ಟರೂ ಉಪ್ಪಿಗೆ ನೀರೊಡೆದು ಹಾಳೆ ಒಳಗಿನಿಂದ ನೆನೆಯುತ್ತದೆ. ಆದ್ದರಿಂದ ಸುತ್ತಿದ ಒಂದು ಗಂಟೆಯೊಳಗೆ ಕರಿಯಬೇಕು, ಇಲ್ಲವೇ ಫ್ರೀಜರ್‌ಗೆ ಸೇರಿಸಬೇಕು.

ಕರಿದ ಹತ್ತೇ ನಿಮಿಷಕ್ಕೆ ಮೆತ್ತಗಾಗುತ್ತವೆ.

ತಟ್ಟೆಯಲ್ಲಿ ಒಂದರ ಮೇಲೊಂದು ರಾಶಿ ಹಾಕಿದರೆ ಅವುಗಳ ಹಬೆಯೇ ಅವುಗಳನ್ನು ಮೆತ್ತಗಾಗಿಸುತ್ತದೆ. ಜಾಲರಿಯ ಮೇಲೆ ನಿಲ್ಲಿಸಿ, ಮುಚ್ಚಬೇಡಿ. ಬಾಣಲೆಗೆ ಒಮ್ಮೆಗೆ ಆರೇಳಕ್ಕಿಂತ ಹೆಚ್ಚು ಬಿಟ್ಟರೆ ಎಣ್ಣೆಯ ಕಾವು ಕುಸಿದು ಹಾಳೆ ಎಣ್ಣೆ ಕುಡಿಯುವುದೂ ಇನ್ನೊಂದು ಕಾರಣ. ಅತಿಥಿಗಳು ಬರುವ ದಿನ ನಾನು ಮುಕ್ಕಾಲು ಭಾಗ ಕರಿದಿಟ್ಟು, ಬಡಿಸುವ ಮುನ್ನ ಹೆಚ್ಚು ಕಾದ ಎಣ್ಣೆಯಲ್ಲಿ ಮತ್ತೊಂದು ನಿಮಿಷ ಕರಿಯುತ್ತೇನೆ.

ಓವನ್ ಅಥವಾ ಏರ್ ಫ್ರೈಯರ್‌ನಲ್ಲಿ ಮಾಡಬಹುದೇ?

ಮಾಡಬಹುದು. ಸುರುಳಿಗಳಿಗೆ ಎಣ್ಣೆ ಸವರಿ, 190 ರಿಂದ 200 ಡಿಗ್ರಿಯಲ್ಲಿ ಏರ್ ಫ್ರೈಯರ್‌ಗೆ ಸುಮಾರು 10 ರಿಂದ 12 ನಿಮಿಷ, ಓವನ್‌ಗೆ ಇನ್ನೂ ಕೆಲವು ನಿಮಿಷ ಹೆಚ್ಚು ಕೊಟ್ಟು, ಮಧ್ಯದಲ್ಲಿ ಒಮ್ಮೆ ಮಗುಚಬೇಕು. ಎಣ್ಣೆಯಲ್ಲಿ ಕರಿದ ಹಾಳೆಯ ಹಗುರ ಗರಿ ಅದರಲ್ಲಿ ಬರುವುದಿಲ್ಲ.

ಮೊದಲೇ ಮಾಡಿ ಇಡಲು ಸಾಧ್ಯವೇ?

ಫಿಲಿಪೀನ್ಸಿನ ಮನೆಗಳಲ್ಲಿ ಹಬ್ಬಕ್ಕೆ ವಾರ ಮೊದಲೇ ಅಕ್ಕಪಕ್ಕದವರೆಲ್ಲ ಕೂತು ನೂರಾರು ಸುರುಳಿ ಸುತ್ತಿ ಫ್ರೀಜರ್‌ಗೆ ತುಂಬುತ್ತಾರೆ. ಕರಿಯದ ಸುರುಳಿಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, ಗಟ್ಟಿಯಾದ ಮೇಲೆ ಡಬ್ಬಿಗೆ ಹಾಕಿ, ಮೈನಸ್ 18 ಡಿಗ್ರಿಯಲ್ಲಿ ಒಂದು ತಿಂಗಳು ಇಡಬಹುದು. ಕರಿಯುವಾಗ ಕರಗಿಸಬಾರದು. ಗಟ್ಟಿಯಾಗಿರುವಾಗಲೇ 160 ಡಿಗ್ರಿಯ ಎಣ್ಣೆಗೆ ನಾಲ್ಕು ನಾಲ್ಕಾಗಿ ಬಿಟ್ಟು ಆರೇಳು ನಿಮಿಷ ಕರಿಯಬೇಕು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಮಾರುಕಟ್ಟೆಯಲ್ಲಿ ಮಂಜುಗಡ್ಡೆಗಟ್ಟಿಸಿದ ಮೀನೇ ಹೆಚ್ಚು. ಅಂತಹ ಮೀನನ್ನು ಕರಗಿಸಿ ಹಸಿಯಾಗಿಯೇ ಸುತ್ತಿ ಮತ್ತೆ ಫ್ರೀಜರ್‌ಗೆ ಇಡಬೇಡಿ. ಬೆಂದ ಹೂರಣ ಮಾಡಿಕೊಂಡು ಇಟ್ಟರೆ ತೊಂದರೆಯಿಲ್ಲ.

ಜೊತೆಗೆ ಏನು ನೆಂಚಿಕೊಳ್ಳಬೇಕು?

ಹಂದಿಮಾಂಸದ ಲುಂಪಿಯಾಕ್ಕೆ ಸಿಹಿಹುಳಿಯ ಗೊಜ್ಜು ಅಥವಾ ಬಾಳೆಹಣ್ಣಿನ ಕೆಚಪ್ ರೂಢಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ 1945ರಲ್ಲಿ ಮನಿಲಾದಲ್ಲಿ ಪ್ರಾಣ ಕಳೆದುಕೊಂಡ ಆಹಾರ ವಿಜ್ಞಾನಿ ಮರಿಯಾ ಒರೋಸಾ ಅವರು ಈ ಕೆಚಪ್ ರೂಪಿಸಿದರೆಂದು ಅಲ್ಲಿಯ ಜನ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಆದರೆ ಮೀನಿಗೆ ವಿನೆಗರಿನಷ್ಟು ಒಪ್ಪುವುದು ಬೇರೊಂದಿಲ್ಲ. ಇಲೊಯ್ಲೊ ಕಡೆಯಲ್ಲಿ ಕಳ್ಳಿನ ವಿನೆಗರ್‌ಗೆ ಮೆಣಸು, ಬೆಳ್ಳುಳ್ಳಿ, ಶುಂಠಿ ಹಾಕಿ ದಿನಗಟ್ಟಲೆ ಸೀಸೆಯಲ್ಲಿ ನೆನೆಸುವ ಸಿನಮಾಕ್ ಎಂಬ ಬಗೆಯಿದೆ. ತೆಂಗಿನ ಕಳ್ಳಿನಿಂದಾದ ವಿನೆಗರ್ ಮಂಗಳೂರಿನ ಕ್ರೈಸ್ತರ ಅಡುಗೆಗೂ ಬೇಕಾದದ್ದು, ಹಾಗಾಗಿ ನಮಗೆ ಅದು ದೂರದ ವಸ್ತುವಲ್ಲ. ಅರ್ಧ ಲೋಟ ವಿನೆಗರ್‌ಗೆ ಜಜ್ಜಿದ ಬೆಳ್ಳುಳ್ಳಿ 4 ಎಸಳು, ಸಣ್ಣ ಈರುಳ್ಳಿ 1, ಸೀಳಿದ ಜೀರಿಗೆಮೆಣಸು 2, ಕಾಳುಮೆಣಸು, ಉಪ್ಪು, ಚಿಟಿಕೆ ಸಕ್ಕರೆ ಹಾಕಿ ಅರ್ಧ ಗಂಟೆ ಬಿಟ್ಟರೆ ಅಂದಿನ ಮಟ್ಟಿಗೆ ಸಾಕು.

ಮೀನಿನ ಸಾಸ್‌ನ ವಾಸನೆ ಸಹಿಸಲಾಗದು. ಬಿಡಬಹುದೇ?

ಬಿಡಬಹುದು. ಉಪ್ಪು ಹಾಕಿದ ಸಣ್ಣ ಮೀನುಗಳು ತಿಂಗಳುಗಟ್ಟಲೆ ಹುದುಗಿದಾಗ ಮೇಲೆ ತಿಳಿಯಾಗುವ ರಸವೇ ‘ಪತಿಸ್’. ಸೀಸೆಯಲ್ಲಿ ತೀಕ್ಷ್ಣವಾಗಿರುವ ಅದರ ವಾಸನೆ ಬಿಸಿಯಾದಾಗ ಅಡಗಿ ಹಿತವಾದ ರುಚಿಯಷ್ಟೇ ಉಳಿಯುತ್ತದೆ. ಒಮ್ಮೆ ಅರ್ಧ ಚಮಚ ಹಾಕಿ ನೋಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ಗರಂ ಮಸಾಲೆ, ಅರಿಶಿನ, ಮೆಣಸಿನ ಪುಡಿ ಹಾಕಿದರೆ ಇನ್ನೂ ರುಚಿಯಾಗುವುದಿಲ್ಲವೇ?

ರುಚಿಯಾಗಬಹುದು, ಆದರೆ ಅದು ನಮ್ಮ ಮೀನಿನ ಕಟ್ಲೆಟ್‌ನ ಹೂರಣವಾಗುತ್ತದೆ. ಲುಂಪಿಯಾದಲ್ಲಿ ಮೀನು, ಬೆಳ್ಳುಳ್ಳಿ, ಕಾಳುಮೆಣಸುಗಳ ಸೌಮ್ಯ ರುಚಿ ಒಳಗಿದ್ದು, ಖಾರ ಮತ್ತು ಹುಳಿ ಹೊರಗಿನ ವಿನೆಗರ್‌ನಿಂದ ಬರುತ್ತದೆ. ಗರಿಯಾದ ಹಾಳೆ, ಮೃದುವಾದ ಮೀನು, ಚುರುಕಾದ ಹುಳಿ ಒಂದೇ ತುತ್ತಿನಲ್ಲಿ ಸೇರುವುದಕ್ಕಾಗಿಯೇ ಆ ಹೂರಣವನ್ನು ಅಷ್ಟು ಸೌಮ್ಯವಾಗಿಡುತ್ತಾರೆ. ಮೊದಲ ಎರಡು ಸಲವಾದರೂ ಅಲ್ಲಿಯವರ ಕ್ರಮದಲ್ಲಿಯೇ ಮಾಡಿ ತಿಂದು ನೋಡಿ.

ಹೂರಣ ಅಥವಾ ಹಾಳೆ ಉಳಿದರೆ?

ಹಸಿ ಹೂರಣವನ್ನು ಪುಟ್ಟ ವಡೆಗಳಾಗಿ ತಟ್ಟಿ ಕಾವಲಿಯಲ್ಲಿ ಹುರಿಯಬಹುದು. ಬೆಂದ ಹೂರಣವನ್ನು ಹೊಡೆದ ಮೊಟ್ಟೆಗೆ ಬೆರೆಸಿ ಆಮ್ಲೆಟ್‌ನಂತೆ ಮಾಡಿದರೆ ಅಲ್ಲಿಯವರು ‘ತೊರ್ತಾ’ ಎನ್ನುವ ಖಾದ್ಯವಾಗುತ್ತದೆ. ಹಾಳೆ ಉಳಿದರೆ ‘ತುರೋನ್’ ಮಾಡಿ: ಉದ್ದಕ್ಕೆ ಸೀಳಿದ ಬಾಳೆಹಣ್ಣನ್ನು ಕಂದು ಸಕ್ಕರೆಯಲ್ಲಿ ಹೊರಳಿಸಿ, ಒಂದೆಳೆ ಹಲಸಿನ ತೊಳೆಯೊಂದಿಗೆ ಹಾಳೆಯಲ್ಲಿ ಸುತ್ತಿ, ಕರಿಯುವ ಎಣ್ಣೆಗೂ ಒಂದಿಷ್ಟು ಸಕ್ಕರೆ ಉದುರಿಸಿದರೆ ಅದು ಕರಗಿ ಸುರುಳಿಯ ಮೈಗೆ ಹೊಳೆಯುವ ಗರಿಯಾಗಿ ಅಂಟುತ್ತದೆ. ಅಲ್ಲಿ ಬಳಸುವ ಸಬಾ ಬಾಳೆಯ ಬದಲು ನಮ್ಮಲ್ಲಿ ಹದವಾಗಿ ಹಣ್ಣಾದ ನೇಂದ್ರ ಬಾಳೆ ಆಗುತ್ತದೆ. ಮೀನು ಕರಿದ ಎಣ್ಣೆಯನ್ನು ಇದಕ್ಕೆ ಬಳಸಬೇಡಿ, ತುರೋನ್ ಅನ್ನು ಮೊದಲು ಕರಿದು ಆಮೇಲೆ ಮೀನಿಗೆ ಕೈ ಹಾಕಿ.